ಅಮ್ಮ ನೋಡುವ ಟಿ.ವಿ.ಯಲ್ಲಿ ಅವನಿಗೆ ಜಾಗ ಎಲ್ಲಿ?

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಐಪಿಸಿ ಸೆಕ್ಷನ್ 377ರ ಬಗ್ಗೆ ಕೊಟ್ಟ ತೀರ್ಪು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಬಾಯಿಪಾಠ. ನವತೇಜ್ ಸಿಂಗ್ ಜೋಹರ್ ಪ್ರಕರಣ. ವಯಸ್ಕರಿಬ್ಬರು ಒಪ್ಪಿ ಖಾಸಗಿಯಾಗಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ. ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಆ ತೀರ್ಪಿನಲ್ಲಿ ಗೈಡ್‌ಗಳು ಬಿಟ್ಟುಬಿಡುವ ಒಂದು ಮಾತಿದೆ. ನ್ಯಾಯಮೂರ್ತಿ ರೋಹಿಂಟನ್ ನರಿಮನ್ ಅವರು ತಾವು ಬರೆದ ಭಾಗದ ಕೊನೆಯಲ್ಲಿ ಕೇಂದ್ರ ಸರ್ಕಾರಕ್ಕೆ ಒಂದು ಸೂಚನೆ ಕೊಟ್ಟಿದ್ದರು. ಈ ತೀರ್ಪಿಗೆ ಟಿ.ವಿ., ರೇಡಿಯೊ, ಪತ್ರಿಕೆ, ಅಂತರ್ಜಾಲಗಳಲ್ಲಿ ಕಾಲಕಾಲಕ್ಕೆ ವ್ಯಾಪಕ ಪ್ರಚಾರ ಸಿಗಬೇಕು, ಈ ಜನರಿಗೆ ಅಂಟಿರುವ ಕಳಂಕವನ್ನು ಕಡಿಮೆ ಮಾಡುತ್ತಾ ಕೊನೆಗೆ ಇಲ್ಲವಾಗಿಸುವ ಕಾರ್ಯಕ್ರಮಗಳು ನಡೆಯಬೇಕು ಎಂದು.

ಆಗ ನಾನು ಎಂಟನೇ ಕ್ಲಾಸು. ಈಗ ಬಿ.ಇ. ಮೂರನೇ ವರ್ಷ. ಈ ನಡುವೆ ನಮ್ಮ ಮನೆಯ ಟಿ.ವಿ.ಯಲ್ಲಿ ಪಲ್ಸ್ ಪೋಲಿಯೊ, ಸ್ವಚ್ಛ ಭಾರತ, ಮತದಾನದ ಜಾಗೃತಿ, ಕೊರೊನಾ ಲಸಿಕೆಯ ಪ್ರಚಾರವನ್ನು ನೂರಾರು ಸಲ ನೋಡಿದ್ದೇನೆ. ಕೋರ್ಟು ಕೇಳಿದ ಆ ಒಂದು ಪ್ರಚಾರವನ್ನು ಮಾತ್ರ ಒಂದು ಸಲವೂ ನೋಡಿಲ್ಲ.

ಸರ್ಕಾರದ ಜಾಹೀರಾತಿನ ಮಾತು ಹಾಗಿರಲಿ. ಜನ ಜಾಹೀರಾತು ಬಂದರೆ ಚಾನೆಲ್ ಬದಲಿಸುತ್ತಾರೆ. ಕಥೆ ಬಂದರೆ ಕೂತು ನೋಡುತ್ತಾರೆ. ಹಾಗಾದರೆ ನಮ್ಮ ಟಿ.ವಿ.ಯ ಕಥೆಗಳಲ್ಲಿ ಸಲಿಂಗ ಪ್ರೇಮಿಗಳು ಹೇಗೆ ಕಾಣಿಸಿಕೊಂಡಿದ್ದಾರೆ? ಕಾಣಿಸಿಕೊಂಡಿದ್ದಾರೆಯೇ?

ಇದು ನನಗೇಕೆ ಮುಖ್ಯ?

ನನಗೊಬ್ಬ ಗೆಳೆಯನಿದ್ದಾನೆ. ಹೆಸರು, ಊರು, ಬ್ರಾಂಚು ಯಾವುದೂ ಬೇಡ. ಈ ಲೇಖನವನ್ನು ಅವನಿಗೆ ತೋರಿಸಿ, ಅವನು ಒಪ್ಪಿದ ಮೇಲೆಯೇ ಕಳಿಸುತ್ತಿದ್ದೇನೆ. ಅವನು ಗೇ. ಇದು ಗೊತ್ತಿರುವುದು ನಾವು ಮೂರು ಜನರಿಗೆ ಮಾತ್ರ. ಆದರೂ ಮೊದಲ ವರ್ಷ ಹಾಸ್ಟೆಲಿನಲ್ಲಿ ಅವನ ನಡಿಗೆ ನೋಡಿ, ಟಿ.ವಿ. ಕಾಮಿಡಿ ಷೋ ಒಂದರಲ್ಲಿ ಸೀರೆ ಉಟ್ಟು ಬಳುಕುವ ಪಾತ್ರದ ಹೆಸರನ್ನೇ ಅವನಿಗೆ ಇಟ್ಟಿದ್ದರು. ಮೆಸ್ಸಿನ ಸಾಲಿನಲ್ಲಿ, ಲ್ಯಾಬಿನ ಬಾಗಿಲಲ್ಲಿ, ವಾಲಿಬಾಲ್ ಅಂಕಣದಲ್ಲಿ ಅದೇ ಹೆಸರು. ಎರಡನೇ ವರ್ಷಕ್ಕೆ ಅವನು ಹಾಸ್ಟೆಲ್ ಬಿಟ್ಟು ಪಿ.ಜಿ. ಸೇರಿದ. ತಿಂಗಳಿಗೆ ಮೂರು ಸಾವಿರ ಹೆಚ್ಚು ಖರ್ಚು. ಮನೆಯಲ್ಲಿ ‘ಹಾಸ್ಟೆಲಿನ ಊಟ ಸರಿಹೋಗಲಿಲ್ಲ’ ಎಂದಿದ್ದಾನೆ.

ಅವನು ಒಮ್ಮೆ ಹೇಳಿದ ಮಾತು ಇದು: ‘ನಮ್ಮಮ್ಮನಿಗೆ ಹೇಳಬೇಕು ಅಂತ ಆಸೆ ಇದೆ ಕಣೋ. ಆದರೆ ಯಾವ ಪದದಲ್ಲಿ ಹೇಳಲಿ? ಅಮ್ಮನಿಗೆ ಗೊತ್ತಿರೋದು ಟಿ.ವಿ.ಯಲ್ಲಿ ನೋಡಿದ ಆ ವೇಷ ಮಾತ್ರ. ನಾನು ಹೇಳಿದ ಕೂಡಲೇ ಅವಳ ಕಣ್ಣಿಗೆ ಅದೇ ಬರುತ್ತೆ.’

ಪದದ ತೊಂದರೆ ನಿಜವಾದದ್ದು. ನಮ್ಮ ಸುದ್ದಿವಾಹಿನಿಗಳು ಬಳಸುವ ಪದ ‘ಸಲಿಂಗಕಾಮಿ’. ಅದರಲ್ಲಿ ‘ಕಾಮ’ವೇ ಎದ್ದು ಕಾಣುತ್ತದೆ. ಮದುವೆಯಾಗಿ ಮೂವತ್ತು ವರ್ಷ ಸಂಸಾರ ನಡೆಸಿದ ನಮ್ಮ ಅಪ್ಪ–ಅಮ್ಮಂದಿರನ್ನು ಯಾರಾದರೂ ‘ವಿರುದ್ಧಲಿಂಗಕಾಮಿಗಳು’ ಎಂದು ಕರೆಯುತ್ತಾರೆಯೇ? ಅವರಿಗೆ ಸಂಸಾರ, ಇವರಿಗೆ ಬರೀ ಕಾಮ! ‘ಸಲಿಂಗ ಪ್ರೇಮಿ’, ‘ಸಲಿಂಗಿ’ ಎಂಬ ಪದಗಳೂ ಕನ್ನಡದಲ್ಲಿ ಬಳಕೆಯಲ್ಲಿವೆ. ಅಡುಗೆಮನೆಯಲ್ಲಿ ಅಮ್ಮನ ಎದುರು ನಿಂತು ಒಬ್ಬ ಹುಡುಗ ತನ್ನ ಬಗ್ಗೆ ಹೇಳಿಕೊಳ್ಳಬೇಕಾದರೆ ಯಾವ ಪದ ಬಾಯಿಗೆ ಬಂದೀತು ಎಂದು ಸುದ್ದಿ ಬರೆಯುವವರು ಒಂದು ಕ್ಷಣ ಯೋಚಿಸಿದರೆ ಸಾಕು.

ನಗುವ ಸರಕು

ಟಿ.ವಿ.ಯಲ್ಲಿ ಸಲಿಂಗಿ ಪಾತ್ರಕ್ಕೆ ಸಿಕ್ಕಿರುವ ಮೊದಲ ಜಾಗ ಕಾಮಿಡಿ. ಭಾನುವಾರ ಮಧ್ಯಾಹ್ನ ಚಾನೆಲ್‌ಗಳು ಮತ್ತೆ ಮತ್ತೆ ಹಾಕುವ ಹಿಂದಿ ಸಿನಿಮಾಗಳನ್ನೇ ನೋಡಿ. 2003ರ ‘ಕಲ್ ಹೋ ನಾ ಹೋ’ದಲ್ಲಿ ಇಬ್ಬರು ನಾಯಕರನ್ನು ಒಟ್ಟಿಗೆ ಕಂಡಾಗಲೆಲ್ಲ ಕೆಲಸದಾಕೆ ಕಾಂತಾಬೆನ್ ಬೆಚ್ಚಿಬೀಳುತ್ತಾಳೆ, ನಾವು ನಗಬೇಕು. 2008ರ ‘ದೋಸ್ತಾನಾ’ದಲ್ಲಿ ಬಾಡಿಗೆ ಮನೆಗಾಗಿ ಇಬ್ಬರು ಹುಡುಗರು ಗೇ ಜೋಡಿಯಂತೆ ನಾಟಕವಾಡುತ್ತಾರೆ, ಮತ್ತೆ ನಾವು ನಗಬೇಕು. ಎರಡರಲ್ಲೂ ನಿಜವಾಗಿ ಗೇ ಆಗಿರುವ ನಾಯಕ ಇಲ್ಲವೇ ಇಲ್ಲ. ಅನುಮಾನವೇ ಜೋಕು. ರಿಯಾಲಿಟಿ ಕಾಮಿಡಿ ಷೋಗಳು ಇದೇ ಸೂತ್ರವನ್ನು ಹಿಡಿದುಕೊಂಡವು. ಗಂಡಸಿಗೆ ಸೀರೆ, ಕೀರಲು ಧ್ವನಿ, ಅತಿಥಿಯಾಗಿ ಬಂದ ನಟನ ಮೇಲೆ ಬೀಳುವುದು, ಹಿನ್ನೆಲೆಯಲ್ಲಿ ‘ಟೊಂಯ್’ ಎಂಬ ಸದ್ದು.

ಸೀರೆ ಉಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ನಾಡು ನಮ್ಮದು. ಮಂಟಪ ಪ್ರಭಾಕರ ಉಪಾಧ್ಯರು ಹೆಣ್ಣಿನ ಪಾತ್ರ ಮಾಡಿದಾಗ ಯಾರೂ ಕೇಕೆ ಹಾಕಿ ನಗುವುದಿಲ್ಲ; ಆ ಹೆಣ್ಣಿನ ನೋವಿಗೆ ಕಣ್ಣು ಒದ್ದೆಯಾಗುತ್ತದೆ. ವೇಷ ಒಂದೇ, ಉದ್ದೇಶ ಬೇರೆ. ಅಲ್ಲಿ ಪಾತ್ರಕ್ಕೆ ಮನಸ್ಸಿದೆ, ಇಲ್ಲಿ ಮೈ ಮಾತ್ರ ಇದೆ.

ಇನ್ನೊಂದು ಗೊಂದಲವನ್ನೂ ಈ ಷೋಗಳು ಹುಟ್ಟುಹಾಕಿವೆ. ಗೇ ಎಂದರೆ ಹೆಣ್ಣಿನಂತೆ ಆಡುವವನು ಎಂಬ ಲೆಕ್ಕ. ಯಾರ ಮೇಲೆ ಪ್ರೀತಿ ಹುಟ್ಟುತ್ತದೆ ಎಂಬುದು ಒಂದು ವಿಷಯ. ತಾನು ಗಂಡೋ ಹೆಣ್ಣೋ ಎಂಬ ಒಳಗಿನ ಅರಿವು ಇನ್ನೊಂದು ವಿಷಯ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕನ್ನು ಸುಪ್ರೀಂ ಕೋರ್ಟ್ 2014ರ ನಾಲ್ಸಾ ತೀರ್ಪಿನಲ್ಲಿ ಎತ್ತಿಹಿಡಿಯಿತು. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಅವರಿಗೆ ಶೇ 1ರಷ್ಟು ಮೀಸಲಾತಿ ತಂದಿತು. ಅದೇ ವರ್ಷದ ನವೆಂಬರಿನಲ್ಲಿ ಮಂಜಮ್ಮ ಜೋಗತಿಯವರು ಪದ್ಮಶ್ರೀ ಸ್ವೀಕರಿಸುವ ಮುನ್ನ ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದದ್ದನ್ನು ನಾವೆಲ್ಲ ಟಿ.ವಿ.ಯಲ್ಲೇ ನೋಡಿದೆವು. ಆ ಒಂದು ನಿಮಿಷ ಎಷ್ಟು ಮನೆಗಳಲ್ಲಿ ಎಷ್ಟು ಮಾತಿಗೆ ಕಾರಣವಾಯಿತು! ತೆರೆಯ ಮೇಲೆ ಗೌರವದಿಂದ ಕಾಣಿಸಿಕೊಳ್ಳುವುದರ ಬಲ ಅದು. ನನ್ನ ಗೆಳೆಯನಂಥವರಿಗೆ ಅಂಥ ಒಂದು ನಿಮಿಷವೂ ಇನ್ನೂ ಸಿಕ್ಕಿಲ್ಲ.

ಈ ಸೆಮಿಸ್ಟರ್ ನಮಗೆ ಮೆಷಿನ್ ಲರ್ನಿಂಗ್ ವಿಷಯವಿದೆ. ಅದರ ಮೊದಲ ಪಾಠವೇ ಇದು: ನೀವು ಕಂಪ್ಯೂಟರಿಗೆ ಬರೀ ಬಿಳಿ ಬೆಕ್ಕುಗಳ ಚಿತ್ರ ಕೊಟ್ಟು ಕಲಿಸಿದರೆ, ಮುಂದೆ ಅದು ಕಪ್ಪು ಬೆಕ್ಕನ್ನು ಬೆಕ್ಕೆಂದು ಗುರುತಿಸದಿರಬಹುದು. ತಪ್ಪು ಯಂತ್ರದ್ದಲ್ಲ, ಕೊಟ್ಟ ಮಾದರಿಯದ್ದು. ಇಪ್ಪತ್ತು ವರ್ಷ ಒಂದೇ ಮಾದರಿ ತೋರಿಸಿದ ಮೇಲೆ ಹಾಸ್ಟೆಲಿನ ಹುಡುಗರು ಬೇರೇನು ಗುರುತಿಸಿಯಾರು?

ಬೇಟೆಯ ಸರಕು

ಎರಡನೇ ಜಾಗ ಸುದ್ದಿ. ಇಲ್ಲಿ ನಗುವಿಲ್ಲ, ಬೇಟೆ ಇದೆ. 2010ರ ಫೆಬ್ರುವರಿಯಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮರಾಠಿ ಪ್ರಾಧ್ಯಾಪಕ ಶ್ರೀನಿವಾಸ ರಾಮಚಂದ್ರ ಸಿರಸ್ ಅವರ ಮನೆಗೆ ಕ್ಯಾಮೆರಾ ಹಿಡಿದವರು ನುಗ್ಗಿ, ಇನ್ನೊಬ್ಬ ಗಂಡಸಿನ ಜತೆ ಇದ್ದ ಅವರನ್ನು ಚಿತ್ರೀಕರಿಸಿದರು. ವಿಶ್ವವಿದ್ಯಾಲಯ ಅವರನ್ನು ಅಮಾನತು ಮಾಡಿತು. ಏಪ್ರಿಲ್ ಆರಂಭದಲ್ಲಿ ಅಲಹಾಬಾದ್ ಹೈಕೋರ್ಟ್ ಆ ಅಮಾನತಿಗೆ ತಡೆ ಕೊಟ್ಟಿತು. ಕೆಲವೇ ದಿನಗಳಲ್ಲಿ ಅವರು ತಮ್ಮ ಬಾಡಿಗೆ ಮನೆಯಲ್ಲಿ ಶವವಾಗಿ ಸಿಕ್ಕಿದರು. ಹನ್ಸಲ್ ಮೆಹ್ತಾ ನಿರ್ದೇಶನದ ‘ಅಲಿಗಢ್’ (2016) ಸಿನಿಮಾ ಈ ಘಟನೆಯ ಮೇಲಿನದು. ಮನೋಜ್ ಬಾಜಪೇಯಿ ಪ್ರಾಧ್ಯಾಪಕರ ಪಾತ್ರ ಮಾಡಿದ್ದಾರೆ.

ಮರುವರ್ಷ, 2011ರ ಫೆಬ್ರುವರಿಯಲ್ಲಿ ಒಂದು ತೆಲುಗು ಸುದ್ದಿವಾಹಿನಿ ‘ಹೈದರಾಬಾದಿನಲ್ಲಿ ಗೇ ಸಂಸ್ಕೃತಿ’ ಎಂಬ ಧಾಟಿಯಲ್ಲಿ ಒಂದು ರಹಸ್ಯ ಕಾರ್ಯಾಚರಣೆ ಪ್ರಸಾರ ಮಾಡಿತು. ಪರಿಚಯ ಬೆಳೆಸುವ ವೆಬ್‌ಸೈಟಿನಲ್ಲಿದ್ದ ಹುಡುಗರ ಫೋಟೊ, ಅವರಿಗೇ ಗೊತ್ತಿಲ್ಲದಂತೆ ರೆಕಾರ್ಡ್ ಮಾಡಿದ ಫೋನ್ ಮಾತು ಎಲ್ಲವೂ ತೆರೆಗೆ ಬಂದವು. ಸುದ್ದಿವಾಹಿನಿಗಳೇ ಕಟ್ಟಿಕೊಂಡಿರುವ ಎನ್‌ಬಿಎಸ್‌ಎ ಎಂಬ ಪ್ರಾಧಿಕಾರ ಅದಕ್ಕೆ 1 ಲಕ್ಷ ರೂಪಾಯಿ ದಂಡ ಹಾಕಿ, ತೆರೆಯ ಮೇಲೆ ಕ್ಷಮೆ ಕೇಳುವಂತೆ ಹೇಳಿತು. ಆ ದಂಡ ಬಿದ್ದಾಗ ದೇಶದಲ್ಲಿ 2009ರ ದೆಹಲಿ ಹೈಕೋರ್ಟ್ ತೀರ್ಪು ಜಾರಿಯಲ್ಲಿತ್ತು. ಸಲಿಂಗ ಸಂಬಂಧ ಅಪರಾಧವಾಗಿರಲಿಲ್ಲ. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು, 2018ರಲ್ಲಿ ಮತ್ತೆ ತಾನೇ ತಿದ್ದಿಕೊಂಡಿತು. ಕಾನೂನು ಹೀಗೆ ಹೊಯ್ದಾಡುತ್ತಿದ್ದ ಒಂಬತ್ತು ವರ್ಷ ಟಿ.ವಿ. ನೋಡುವವರ ಮನಸ್ಸಿನಲ್ಲಿ ಉಳಿದದ್ದು ಮಸುಕು ಮಾಡಿದ ಮುಖ ಮತ್ತು ಎದೆ ನಡುಗಿಸುವ ಹಿನ್ನೆಲೆ ಸಂಗೀತ.

ಮುಚ್ಚಿಟ್ಟ ಗಂಡ

ಮೂರನೆಯದು ಧಾರಾವಾಹಿ. 2010ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಶುರುವಾದ ‘ಮರ್ಯಾದಾ: ಲೇಕಿನ್ ಕಬ್ ತಕ್?’ನಲ್ಲಿ ಗೌರವ್ ಎಂಬ ಪಾತ್ರವಿತ್ತು. ದೊಡ್ಡ ಮನೆತನ, ಮದುವೆಯೂ ಆಗಿದೆ, ಆದರೆ ಅವನು ಸಲಿಂಗಿ. ಮನೆಮಂದಿಯೆಲ್ಲ ನೋಡುವ ಹಿಂದಿ ಧಾರಾವಾಹಿಯಲ್ಲಿ ಹದಿನೈದು ವರ್ಷಗಳ ಹಿಂದೆಯೇ ಇಂಥ ಪಾತ್ರ ತಂದದ್ದು ಧೈರ್ಯವೇ ಸರಿ. ಆದರೂ ಧಾರಾವಾಹಿಯ ಸೂತ್ರದಲ್ಲಿ ಇಂಥ ಪಾತ್ರ ಬರುವುದು ಹೆಂಡತಿಯ ಕಣ್ಣೀರಿಗೆ ಕಾರಣವಾಗಿ. ಗುಟ್ಟು, ಅನುಮಾನ, ಗುಟ್ಟು ರಟ್ಟು. ಅತ್ತೆಯ ಪಿತೂರಿ ಇರುವ ಜಾಗದಲ್ಲಿ ಗಂಡನ ಗುಟ್ಟು, ಅಷ್ಟೇ ವ್ಯತ್ಯಾಸ.

ಈ ಕಥೆ ಸುಳ್ಳಲ್ಲ ಎಂಬುದನ್ನೂ ಒಪ್ಪಬೇಕು. ಮನೆಯವರ ಒತ್ತಾಯಕ್ಕೆ ಮದುವೆಯಾಗಿ, ತಾನೂ ಸುಖವಾಗಿರದೆ ಕಟ್ಟಿಕೊಂಡವಳ ಬದುಕನ್ನೂ ಹಾಳು ಮಾಡುವುದು ನಮ್ಮ ಸುತ್ತಲೇ ನಡೆಯುತ್ತದೆ. ಅದರಲ್ಲಿ ಹೆಚ್ಚು ಪೆಟ್ಟು ತಿನ್ನುವವಳು ಹೆಣ್ಣು. ಈ ವಿಷಯವನ್ನು ಎಷ್ಟು ಘನತೆಯಿಂದ ಹೇಳಬಹುದು ಎಂಬುದಕ್ಕೆ 2023ರ ಮಲಯಾಳಂ ಸಿನಿಮಾ ‘ಕಾದಲ್: ದಿ ಕೋರ್’ ಸಾಕ್ಷಿ. ಜಿಯೊ ಬೇಬಿ ನಿರ್ದೇಶಿಸಿದ ಈ ಚಿತ್ರದಲ್ಲಿ ಮಮ್ಮುಟ್ಟಿ ಪಂಚಾಯಿತಿ ಉಪಚುನಾವಣೆಗೆ ನಿಂತಿರುವ ಮಧ್ಯವಯಸ್ಕ. ಅದೇ ಹೊತ್ತಿಗೆ ಹೆಂಡತಿ (ಜ್ಯೋತಿಕಾ) ವಿಚ್ಛೇದನಕ್ಕೆ ಅರ್ಜಿ ಹಾಕುತ್ತಾಳೆ. ಕಾರಣ ಗಂಡ ಸಲಿಂಗಿ. ಅಲ್ಲಿ ಯಾರೂ ಖಳರಲ್ಲ. ಅವಳು ಕೇಳುವುದು ತನ್ನ ಬಿಡುಗಡೆಯನ್ನು, ಜತೆಗೆ ಅವನ ಬಿಡುಗಡೆಯನ್ನೂ. ಮಮ್ಮುಟ್ಟಿ ಬರೀ ನಟಿಸಲಿಲ್ಲ, ಆ ಚಿತ್ರವನ್ನು ನಿರ್ಮಿಸಿದ್ದೂ ಅವರೇ. ಅಷ್ಟು ದೊಡ್ಡ ಸ್ಟಾರ್ ಆ ಪಾತ್ರ ಒಪ್ಪಿಕೊಂಡಿದ್ದಕ್ಕೇ ಕೇರಳದ ಮನೆಗಳಲ್ಲಿ ಹಿರಿಯರೂ ಕೂತು ನೋಡಿದರು.

ಇಯರ್‌ಫೋನಿನ ಒಳಗಿನ ಬದಲಾವಣೆ

‘ಕಾಲ ಬದಲಾಗಿದೆ, ಒಟಿಟಿಯಲ್ಲಿ ಬೇಕಾದಷ್ಟಿದೆ’ ಎಂದು ನೀವು ಹೇಳಬಹುದು. ನಿಜ. 2019ರ ‘ಮೇಡ್ ಇನ್ ಹೆವೆನ್’ನಲ್ಲಿ ಅರ್ಜುನ್ ಮಾಥುರ್ ಮಾಡಿದ ಕರಣ್ ಮದುವೆ ಏರ್ಪಾಡು ಮಾಡುವ ಕಂಪನಿ ನಡೆಸುತ್ತಾನೆ, ಸಾಲ ಮಾಡುತ್ತಾನೆ, ಗೆಳತಿಯ ಜತೆ ಜಗಳವಾಡುತ್ತಾನೆ, ಮತ್ತು ಅವನು ಗೇ. ಈ ಪಾತ್ರಕ್ಕೆ 2020ರಲ್ಲಿ ಮಾಥುರ್ ಅಂತರರಾಷ್ಟ್ರೀಯ ಎಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡರು. 2022ರ ‘ಬಧಾಯಿ ದೋ’ದಲ್ಲಿ ಒಬ್ಬ ಪೊಲೀಸ್, ಒಬ್ಬಳು ಪಿ.ಟಿ. ಟೀಚರ್, ಇಬ್ಬರೂ ಸಲಿಂಗಿಗಳು, ಮನೆಯವರ ಕಾಟ ತಪ್ಪಿಸಿಕೊಳ್ಳಲು ಪರಸ್ಪರ ಮದುವೆಯಾಗುತ್ತಾರೆ. ಇದು ಚಿತ್ರಮಂದಿರಕ್ಕೆ ಬಂದ ಸಿನಿಮಾ. ನಾನು ನೋಡಿದ್ದು ಮೊಬೈಲಿನಲ್ಲಿ.

ಆದರೆ ಒಂದು ವಿಷಯ ಗಮನಿಸಿ. 2017ರಲ್ಲಿ ಬಾಲಾಜಿ ಸಂಸ್ಥೆ ‘ರೋಮಿಲ್ ಅಂಡ್ ಜುಗಲ್’ ಎಂಬ ಇಬ್ಬರು ಹುಡುಗರ ಪ್ರೇಮಕಥೆ ಮಾಡಿತು. ಅತ್ತೆ–ಸೊಸೆ ಧಾರಾವಾಹಿಗಳಿಂದ ಇಡೀ ಉತ್ತರ ಭಾರತದ ಸಂಜೆಗಳನ್ನು ಹಿಡಿದಿಟ್ಟ ಸಂಸ್ಥೆ ಅದು. ಆ ಕಥೆ ಬಂದದ್ದು ಮಾತ್ರ ಟಿ.ವಿ.ಯಲ್ಲಿ ಅಲ್ಲ, ಅದರ ಹೊಸ ಆ್ಯಪಿನಲ್ಲಿ. ಅಂದರೆ ಒಂದೇ ಅಡುಗೆಮನೆ, ಎರಡು ಪಂಕ್ತಿ. ಮನೆಯವರಿಗೆ ಒಂದು ಊಟ, ಮೊಬೈಲಿನವರಿಗೆ ಇನ್ನೊಂದು.

ನನ್ನ ವಾದ ಇರುವುದು ಇಲ್ಲಿಯೇ. ನಾವು ಒಟಿಟಿ ನೋಡುವುದು ಹಾಸಿಗೆಯಲ್ಲಿ ಮಲಗಿ, ಇಯರ್‌ಫೋನ್ ಹಾಕಿಕೊಂಡು, ಒಬ್ಬರೇ. ನೋಡಿ ಮುಗಿದ ಮೇಲೆ ಹೆಚ್ಚೆಂದರೆ ಗೆಳೆಯನಿಗೆ ಒಂದು ಲಿಂಕ್ ಕಳಿಸುತ್ತೇವೆ. ಆ್ಯಪಿನ ಅಲ್ಗಾರಿದಮ್ ಕೂಡ ನಾವು ಒಪ್ಪಿಕೊಂಡಿದ್ದನ್ನೇ ನಮಗೆ ಮತ್ತೆ ಬಡಿಸುತ್ತದೆ. ಅಮ್ಮನ ಫೋನಿಗೆ ಅಡುಗೆ ಮತ್ತು ಭಜನೆ, ನನ್ನ ಫೋನಿಗೆ ನನ್ನ ರುಚಿ. ಒಂದೇ ಮನೆಯಲ್ಲಿ ನಾಲ್ಕು ಜನ ನಾಲ್ಕು ದೇಶದಲ್ಲಿ ಇದ್ದಂತೆ. ಹೀಗಾಗಿ ಮಗ ಬದಲಾಗುತ್ತಾನೆ, ಮನೆ ಬದಲಾಗುವುದಿಲ್ಲ. ನನ್ನ ಗೆಳೆಯನ ತೊಂದರೆ ಅವನು ಏನು ನೋಡುತ್ತಾನೆ ಎಂಬುದರಲ್ಲಿಲ್ಲ. ಅವನ ಅಮ್ಮ ಏನು ನೋಡುತ್ತಾರೆ ಎಂಬುದರಲ್ಲಿದೆ.

ಇನ್ನೂ ಒಂದು ತೊಡಕಿದೆ. ಹಿಂದಿ–ಇಂಗ್ಲಿಷ್ ಸರಣಿಗಳಲ್ಲಿ ಹೆಚ್ಚಾಗಿ ಕಾಣುವ ಸಲಿಂಗಿ ದೆಹಲಿ, ಮುಂಬೈಯವನು. ಇಂಗ್ಲಿಷ್ ಮಾತಾಡುವವನು, ಕಾರಿನಲ್ಲಿ ಓಡಾಡುವವನು. ಅದನ್ನು ನೋಡಿದ ಹಿರಿಯರು ‘ಇದೆಲ್ಲ ದುಡ್ಡಿದ್ದವರ ಷೋಕಿ, ನಮ್ಮ ಕಡೆ ಇಲ್ಲ’ ಎಂದು ಸುಲಭವಾಗಿ ಹೇಳುತ್ತಾರೆ. ಕನ್ನಡ ಸಾಹಿತ್ಯ ಈ ಮಾತಿಗೆ ಆಗಲೇ ಉತ್ತರ ಕೊಟ್ಟಿದೆ. ವಸುಧೇಂದ್ರ ಅವರ ‘ಮೋಹನಸ್ವಾಮಿ’ ಕಥಾಸಂಕಲನ ಬಂದದ್ದು 2013ರಲ್ಲಿ, ಅಂದರೆ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಮತ್ತೆ ಅಪರಾಧ ಮಾಡಿದ ವರ್ಷದಲ್ಲಿ. ಸಂಡೂರಿನಲ್ಲಿ ಹುಟ್ಟಿ, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ, ವರ್ಷಗಟ್ಟಲೆ ಸಾಫ್ಟ್‌ವೇರ್ ಕೆಲಸ ಮಾಡಿದವರು ಅವರು. ಎಂಜಿನಿಯರಿಂಗ್ ಹುಡುಗರಾದ ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ? ಪುಸ್ತಕಕ್ಕೆ ಬಂದದ್ದು ಧಾರಾವಾಹಿಗೆ ಬಂದಿಲ್ಲ. ನಮ್ಮ ಮನೆಯಲ್ಲಿ ಸಂಜೆ ಆರರಿಂದ ಹತ್ತರವರೆಗೆ ಓಡುವ ಕನ್ನಡ ಧಾರಾವಾಹಿಗಳಲ್ಲಿ ನಾನು ಇಂದಿಗೂ ಒಂದೇ ಒಂದು ಸಲಿಂಗಿ ಪಾತ್ರ ಕಂಡಿಲ್ಲ.

ಎಲೆನ್ ತೆತ್ತ ಬೆಲೆ

ಟಿ.ವಿ.ಯಲ್ಲಿ ಒಂದು ಪಾತ್ರ ಬಂದರೆ ನಿಜಕ್ಕೂ ಏನಾದರೂ ಆಗುತ್ತದೆಯೇ? ಅಮೆರಿಕದ ಕಥೆ ನೋಡಬಹುದು. 1997ರ ಏಪ್ರಿಲ್ 30ರಂದು ಎಬಿಸಿ ವಾಹಿನಿಯ ‘ಎಲೆನ್’ ಎಂಬ ಹಾಸ್ಯ ಧಾರಾವಾಹಿಯಲ್ಲಿ ನಾಯಕಿ ತಾನು ಲೆಸ್ಬಿಯನ್ ಎಂದು ಹೇಳಿಕೊಂಡಳು. ಆ ಪಾತ್ರ ಮಾಡಿದ ಎಲೆನ್ ಡಿಜೆನರಸ್ ಅದೇ ಹೊತ್ತಿಗೆ ತಮ್ಮ ಬಗ್ಗೆಯೂ ಬಹಿರಂಗವಾಗಿ ಹೇಳಿದರು. ಆ ಕಂತನ್ನು ಸುಮಾರು 4.2 ಕೋಟಿ ಜನ ನೋಡಿದರು. ಕೆಲವು ದೊಡ್ಡ ಜಾಹೀರಾತುದಾರರು ದೂರ ಉಳಿದರು. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ಸ್ಥಳೀಯ ಕೇಂದ್ರ ಕಂತನ್ನು ಪ್ರಸಾರ ಮಾಡಲು ಒಪ್ಪಲಿಲ್ಲ. ಅಲ್ಲಿನ ಜನ ಸಭಾಂಗಣವೊಂದನ್ನು ಹಿಡಿದು, ಉಪಗ್ರಹದ ಮೂಲಕ ತರಿಸಿಕೊಂಡು ಒಟ್ಟಿಗೆ ಕೂತು ನೋಡಿದರು! ಮುಂದಿನ ವರ್ಷ ಧಾರಾವಾಹಿಯೇ ನಿಂತುಹೋಯಿತು.

ಆದರೆ ಬಾಗಿಲು ತೆರೆದಿತ್ತು. ಅದೇ 1998ರಲ್ಲಿ ‘ವಿಲ್ ಅಂಡ್ ಗ್ರೇಸ್’ ಶುರುವಾಯಿತು. ಅದರ ನಾಯಕ ವಿಲ್ ವಕೀಲ, ಗೇ, ಗೆಳತಿಯೊಂದಿಗೆ ಒಂದೇ ಮನೆಯಲ್ಲಿ ಇರುವವನು. ವಾರವಾರವೂ ಕೋಟ್ಯಂತರ ಮನೆಗಳಿಗೆ ಬರುವ ನೆಂಟನಂತಾದ. 2012ರಲ್ಲಿ ಆಗಿನ ಉಪಾಧ್ಯಕ್ಷ ಜೋ ಬೈಡನ್ ಸಲಿಂಗ ವಿವಾಹಕ್ಕೆ ತಮ್ಮ ಒಪ್ಪಿಗೆ ಇದೆ ಎನ್ನುವಾಗ, ಜನರಿಗೆ ತಿಳಿವಳಿಕೆ ಕೊಡುವುದರಲ್ಲಿ ಈ ಧಾರಾವಾಹಿಯಷ್ಟು ಕೆಲಸ ಮಾಡಿದ್ದು ಬೇರೆ ಇಲ್ಲವೆನ್ನಬಹುದು ಎಂಬರ್ಥದ ಮಾತಾಡಿದರು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ದೇಶದಾದ್ಯಂತ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಿತು.

ಒಂದು ಧಾರಾವಾಹಿಯಿಂದಲೇ ಇಷ್ಟೆಲ್ಲ ಆಯಿತು ಎಂದು ಹೇಳಲಾಗದು. ದಶಕಗಳ ಹೋರಾಟ, ಏಡ್ಸ್ ಕಾಲದ ಸಾವು–ನೋವು, ಕೋರ್ಟಿನ ಮೊಕದ್ದಮೆಗಳು, ತಮ್ಮ ಮನೆಗಳಲ್ಲಿ ಬಾಯಿಬಿಟ್ಟು ಹೇಳಿಕೊಂಡ ಲಕ್ಷಾಂತರ ಜನ, ಎಲ್ಲ ಸೇರಿ ಆದ ಬದಲಾವಣೆ ಅದು. ಆದರೆ ಆ ಮನೆಗಳಲ್ಲಿ ಮಾತು ಶುರುಮಾಡಲು ಟಿ.ವಿ. ಒಂದು ನೆಪ ಕೊಟ್ಟಿತು. ನಮ್ಮಲ್ಲಿ ಇಲ್ಲದಿರುವುದು ಆ ನೆಪ.

ನಮ್ಮ ಮುಂದಿರುವ ದಾರಿ

ನಮ್ಮಲ್ಲಿ ಈಗ ಈ ಪ್ರಶ್ನೆ ಇನ್ನೂ ಮುಖ್ಯವಾಗಿದೆ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಅದು ಶಾಸಕಾಂಗಕ್ಕೆ ಬಿಟ್ಟ ವಿಷಯ ಎಂದಿತು. ಶಾಸಕಾಂಗ ಎಂದರೆ ಮತ. ಮತ ಎಂದರೆ ಜನಾಭಿಪ್ರಾಯ. ಜನಾಭಿಪ್ರಾಯ ಹುಟ್ಟುವುದು ಮನೆಯ ಹಾಲ್‌ನಲ್ಲಿ, ರಾತ್ರಿ ಊಟದ ಹೊತ್ತಿಗೆ, ಟಿ.ವಿ.ಯ ಮುಂದೆ. ಕೋರ್ಟಿನ ಬಾಗಿಲು ಸದ್ಯಕ್ಕೆ ಮುಚ್ಚಿರುವಾಗ ಉಳಿದಿರುವುದು ಈ ಹಾಲ್‌ನ ಬಾಗಿಲು.

‘ಮಕ್ಕಳು ನೋಡುತ್ತಾರೆ’ ಎಂಬುದು ಮೊದಲ ಆಕ್ಷೇಪ. ಆದರೆ ಗೇ ಪಾತ್ರ ಎಂದ ಕೂಡಲೇ ಮಂಚದ ದೃಶ್ಯವೇ ಏಕೆ ನೆನಪಾಗಬೇಕು? ನಮ್ಮ ಧಾರಾವಾಹಿಗಳಲ್ಲಿ ನಾಯಕ–ನಾಯಕಿ ಕೈ ಹಿಡಿಯಲೇ ಮುನ್ನೂರು ಕಂತು ಬೇಕು! ಅಷ್ಟೇ ಮರ್ಯಾದೆಯಲ್ಲಿ ಇವರ ಪ್ರೀತಿಯನ್ನೂ ತೋರಿಸಬಹುದು. ಗಂಡಸಿಗೆ ಸೀರೆ ಉಡಿಸಿ ದ್ವಂದ್ವಾರ್ಥದ ಜೋಕು ಹೊಡೆಯುವಾಗ ನೋಡುತ್ತಿರುವವರೂ ಅದೇ ಮಕ್ಕಳಲ್ಲವೇ?

‘ಜನ ಒಪ್ಪುವುದಿಲ್ಲ, ಟಿಆರ್‌ಪಿ ಬರುವುದಿಲ್ಲ’ ಎಂಬುದು ಎರಡನೆಯದು. ಈ ಭಯಕ್ಕೆ ಕಾರಣವಿದೆ. 2021ರ ಅಕ್ಟೋಬರಿನಲ್ಲಿ ಇಬ್ಬರು ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಕರ್ವಾ ಚೌತ್ ಆಚರಿಸುವ ಜಾಹೀರಾತನ್ನು ಡಾಬರ್ ಕಂಪನಿ ವಿರೋಧ ಬಂದ ಕೂಡಲೇ ಹಿಂತೆಗೆದುಕೊಂಡಿತು. ದಿನವೂ ಕಂತು ಒದಗಿಸಬೇಕಾದ, ವಾರವಾರ ರೇಟಿಂಗ್ ಎಣಿಸುವ ಧಾರಾವಾಹಿ ತಂಡಕ್ಕೆ ಇಂಥ ಹೊಡೆತ ತಡೆಯುವುದು ಇನ್ನೂ ಕಷ್ಟ. ಆದರೆ ಕನ್ನಡ ಪ್ರೇಕ್ಷಕರನ್ನು ಅಷ್ಟು ಕಡಿಮೆ ಅಂದಾಜು ಮಾಡಬೇಕಿಲ್ಲ. 1998ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ವನ್ನು ನಮ್ಮ ಅಮ್ಮ ಇಂದಿಗೂ ನೆನೆಯುತ್ತಾರೆ. ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳಲ್ಲಿ ಕೋರ್ಟಿನ ವಾದವನ್ನು ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರಂತೆ.

ಅಷ್ಟು ಹಿಂದೆ ಹೋಗುವುದೂ ಬೇಡ. 2022ರಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಶ್ರೀರಸ್ತು ಶುಭಮಸ್ತು’ವಿನಲ್ಲಿ ಸುಧಾರಾಣಿ ಮಾಡಿದ ತುಳಸಿ, ಮಗನಿಗೆ ಮದುವೆ ಮಾಡುವ ವಯಸ್ಸಿನ ವಿಧವೆ, ಅವಳದ್ದೇ ಮರುಮದುವೆಯ ಕಥೆ ಅದು. ನಮ್ಮ ಬಂಧುಗಳಲ್ಲಿ ಒಬ್ಬರ ಮರುಮದುವೆ ಮಾತು ಬಂದಾಗ ‘ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ?’ ಎಂದಿದ್ದ ಅಜ್ಜಿ, ತುಳಸಿಯನ್ನು ನೋಡುತ್ತಾ ‘ಪಾಪ, ಅವಳಿಗೂ ಒಂದು ಜೀವ ಅಲ್ಲವೇನೋ’ ಎಂದರು. ಯಾರೂ ಅಜ್ಜಿಗೆ ಭಾಷಣ ಮಾಡಿರಲಿಲ್ಲ. ತುಳಸಿ ದಿನವೂ ಮನೆಗೆ ಬಂದಳು, ಅಜ್ಜಿಗೆ ಅವಳ ಪರಿಚಯವಾಯಿತು, ಅಷ್ಟೇ. ಧಾರಾವಾಹಿಯ ಶಕ್ತಿ ಇರುವುದು ಈ ದಿನವೂ ಬರುವುದರಲ್ಲಿ. ಎರಡು ಗಂಟೆಯ ಸಿನಿಮಾ ಅತಿಥಿ, ಧಾರಾವಾಹಿ ನೆರೆಮನೆ.

ಹಾಗಾದರೆ ಎಂಥ ಪಾತ್ರ ಬೇಕು? ನಾಯಕನೇ ಆಗಬೇಕೆಂದಿಲ್ಲ. ನಾಯಕಿಯ ಅಣ್ಣನೋ, ಆಫೀಸಿನ ಸಹೋದ್ಯೋಗಿಯೋ, ಎದುರುಮನೆಯ ಟೀಚರೋ ಆಗಲಿ. ಅವನಿಗೆ ಒಂದು ಕೆಲಸವಿರಲಿ, ತೀರಿಸಬೇಕಾದ ಸಾಲವಿರಲಿ, ಔಷಧಿ ತಂದುಕೊಡಬೇಕಾದ ಅಪ್ಪನಿರಲಿ. ಅವನು ಗೇ ಎಂಬುದು ಅವನ ಬಗ್ಗೆ ಗೊತ್ತಿರುವ ಹತ್ತು ವಿಷಯಗಳಲ್ಲಿ ಒಂದಾಗಿರಲಿ. ಕೊನೆಗೆ ಅವನು ಸಾಯದಿರಲಿ, ಮದುವೆಯಾದ ಕೂಡಲೇ ‘ಸರಿಹೋಗದಿರಲಿ’. ಮನೆಯವರು ಒಪ್ಪಲು ನೂರು ಕಂತು ತೆಗೆದುಕೊಳ್ಳಲಿ. ನಿಜವಾದ ಮನೆಗಳೂ ಅಷ್ಟು ಕಾಲ ತೆಗೆದುಕೊಳ್ಳುತ್ತವೆ.

ನಾವೂ ಕೆಲವು ಕೆಲಸ ಮಾಡಬಹುದು. ಮನರಂಜನಾ ವಾಹಿನಿಗಳ ಕಾರ್ಯಕ್ರಮ ಅವಹೇಳನ ಮಾಡುತ್ತಿದೆ ಎನಿಸಿದರೆ ಬಿಸಿಸಿಸಿ ಎಂಬ ದೂರು ಮಂಡಳಿಗೆ ಬರೆಯಬಹುದು. ಅದರ ವಿವರ ಚಾನೆಲ್‌ಗಳಲ್ಲಿ ತೆರೆಯ ಕೆಳಗೆ ಓಡುತ್ತಿರುತ್ತದೆ, ನಾವು ಓದುವುದಿಲ್ಲ ಅಷ್ಟೇ. ಕಾಲೇಜು ಫೆಸ್ಟಿನ ಸ್ಕಿಟ್‌ಗಳಲ್ಲಿ ಇದೇ ಹಳೇ ಜೋಕನ್ನು ಬಿಡಬಹುದು. ರಜೆಗೆ ಊರಿಗೆ ಹೋದಾಗ ‘ಕಾದಲ್’ನಂಥ ಚಿತ್ರವನ್ನು ಇಯರ್‌ಫೋನ್ ತೆಗೆದು, ಹಾಲ್‌ನ ಟಿ.ವಿ.ಗೆ ಹಾಕಿ, ಅಮ್ಮನ ಪಕ್ಕ ಕೂತು ನೋಡಬಹುದು. ಇರುಸುಮುರುಸು ಆಗುತ್ತದೆ. ಆಗಲಿ. ಮಾತು ಶುರುವಾಗುವುದು ಅಲ್ಲಿಂದಲೇ.

ಇನ್ನು ಒಂದು ವರ್ಷಕ್ಕೆ ನಮಗೆಲ್ಲ ಕ್ಯಾಂಪಸ್ ಸಂದರ್ಶನಗಳು. ಕೆಲಸಕ್ಕೆ ಸೇರಿದ ಮೇಲೆ ಪಕ್ಕದ ಸೀಟಿನಲ್ಲಿ ಯಾರು ಬೇಕಾದರೂ ಇರಬಹುದು. ಕಂಪನಿಗಳು ಮೊದಲ ವಾರದ ತರಬೇತಿಯಲ್ಲಿ ‘ಎಲ್ಲರನ್ನೂ ಗೌರವಿಸಿ’ ಎಂಬ ಅರ್ಧ ಗಂಟೆಯ ವಿಡಿಯೊ ತೋರಿಸಬಹುದು. ಇಪ್ಪತ್ತು ವರ್ಷ ಟಿ.ವಿ. ಕಲಿಸಿದ್ದನ್ನು ಅರ್ಧ ಗಂಟೆಯ ವಿಡಿಯೊ ಅಳಿಸಲಾರದು. ನನ್ನ ಗೆಳೆಯನ ಅಮ್ಮ ಈಗಲೂ ರಾತ್ರಿ ಎಂಟಕ್ಕೆ ಟಿ.ವಿ. ಮುಂದೆ ಕೂರುತ್ತಾರೆ. ಅಲ್ಲಿ ತನ್ನ ಮಗನಂಥ ಒಬ್ಬ ಹುಡುಗನನ್ನು ಅವರು ಕಾಣುವ ಮೊದಲೇ, ಮಗನೇ ಎದುರು ನಿಂತು ಎಲ್ಲ ಹೇಳಬೇಕಾದ ದಿನ ಬಂದುಬಿಡಬಹುದು. ಆ ಅಮ್ಮನಿಗೆ ಸ್ವಲ್ಪ ಸಿದ್ಧತೆ ಕೊಡುವ ಕೆಲಸವನ್ನು ನಮ್ಮ ಕಥೆ ಬರೆಯುವವರು ಮಾಡಲಿ ಎಂಬುದಷ್ಟೇ ನನ್ನ ಕೋರಿಕೆ.